ಸೊನ್ನೆ ತುದಿ ಹಿಡಿದವಳು

ಜನವರಿ ೯

ಅಪ್ಪನಿಗೆ,

ಕಾಗದವನ್ನು ಕ್ಷೇಮ ಸಮಾಚಾರ ಕೇಳಿ ಶುರು ಮಾಡಬೇಕು ಎಂದು ಶಾಲೆಯಲ್ಲಿ ಕಲಿಸಿದ್ದರು. ಎಂಟು ವರ್ಷ ಕೇಳದವಳು ಈಗ ಕೇಳಿದರೆ ನಿಮಗೆ ನಗು ಬರಬಹುದು, ಆದ್ದರಿಂದ ನೇರ ವಿಷಯಕ್ಕೆ ಬರುತ್ತೇನೆ. ಫೋನು ಮಾಡಿದರೆ ನೀವು ಹಲೋ ಕೂಡ ಅನ್ನದೆ ಅಮ್ಮನ ಕೈಗೆ ದಾಟಿಸುತ್ತೀರಿ. ಕಾಗದವನ್ನಾದರೂ ನೀವೇ ಒಡೆದು ಓದುತ್ತೀರಿ ಎಂದು ಬರೆಯುತ್ತಿದ್ದೇನೆ.

ನನ್ನ ಅತ್ತೆಯವರಿಗೆ ಎರಡೂ ಕಣ್ಣು ಪೂರ್ತಿ ಹೋಗಿವೆ. ಅವರನ್ನು ಇನ್ನು ಒಬ್ಬರೇ ಬಿಡುವಂತಿಲ್ಲ. ಅಲ್ಲಿಯ ಆಸ್ಪತ್ರೆಗೆ ವರ್ಗ ಕೇಳಿದ್ದೆ, ಸಿಕ್ಕಿದೆ. ನರ್ಸುಗಳಿಗೆ ಎಲ್ಲ ಊರಿನಲ್ಲೂ ಬರವೇ. ಇವರಿಗೂ ಅಲ್ಲಿನ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಕೆಲಸ ಇದೆ. ಮೇ ಕೊನೆಗೆ ಬರುತ್ತೇವೆ. ಇರುವುದು ಅತ್ತೆಯವರ ಮನೆಯಲ್ಲೇ, ರೈಲು ಹಳಿಯಾಚೆ.

ಮಗಳು ಚೂಟಿಗೆ ಜೂನಿನಲ್ಲಿ ಆರು ವರ್ಷ ತುಂಬುತ್ತದೆ. ಹಳಿಯಾಚೆಯ ಶಾಲೆ ನಿಮಗೆ ಗೊತ್ತೇ ಇದೆ, ಐದು ತರಗತಿಗೆ ಒಬ್ಬರೇ ಟೀಚರು, ಅವರೂ ವಾರಕ್ಕೆ ಮೂರು ದಿನ. ನಿಮ್ಮ ಬೀದಿಯ ಶಾಲೆಯನ್ನು ದೊಡ್ಡದು ಮಾಡುತ್ತಾರಂತೆ, ಹಿಂದುಗಡೆ ಒಂದು ಗೇಟು ಇಡುತ್ತಾರಂತೆ, ಅದಾದರೆ ಹಳಿಯಾಚೆಯ ಮಕ್ಕಳಿಗೂ ಸೀಟು ಸಿಗುತ್ತದಂತೆ. ಇದು ನಿಜವೇ? ಹೌದು ಅಥವಾ ಇಲ್ಲ ಎಂದು ಬರೆದರೆ ಸಾಕು.

ನಿಮ್ಮ ಮಗಳು


ಜನವರಿ ೧೭

ಮಗಳಿಗೆ,

ಹೌದು.

ನೀನು ಕೇಳಿದ್ದಕ್ಕೆ ಉತ್ತರ ಮುಗಿಯಿತು. ಆದರೆ ಒಂದೇ ಪದಕ್ಕೆ ಅಂಚೆಚೀಟಿ ಹಚ್ಚಲು ಮನಸ್ಸು ಒಪ್ಪುತ್ತಿಲ್ಲ. ಅಲ್ಲದೆ ಮೊನ್ನೆ ನಡೆದ ಸಭೆ ನನ್ನ ಹೊಟ್ಟೆಯಲ್ಲಿ ಅರಗದೆ ಕೂತಿದೆ. ನಿನ್ನಮ್ಮನಿಗೆ ಹೇಳಹೋದರೆ "ನಿಮಗ್ಯಾಕೆ ಊರ ಉಸಾಬರಿ" ಎಂದು ಎದ್ದು ಹೋಗುತ್ತಾಳೆ.

ಯೋಜನೆ ಹೀಗಿದೆ. ಶಾಲೆಯ ಹಿಂದಿನ ಖಾಲಿ ಜಾಗದಲ್ಲಿ ನಾಲ್ಕು ಕೋಣೆ, ಹಿಂಗೋಡೆಯಲ್ಲಿ ಒಂದು ಗೇಟು. ಕೋಣೆ ಬೇಕೇ ಬೇಕು. ಈಗ ಒಂದೊಂದು ಬೆಂಚಿಗೆ ಐದು ಮಕ್ಕಳು, ಐದನೆಯದರ ಒಂದು ಕಾಲು ಸದಾ ಹೊರಗೆ. ಮೂರನೇ ತರಗತಿ ನಡೆಯುವುದೇ ವರಾಂಡದಲ್ಲಿ. ಸೀಟಿನ ನಿಯಮ ಮಾತ್ರ ಹಳೆಯದೇ: ಶಾಲೆಯ ಗೇಟಿನಿಂದ ನಡೆಯುವ ದಾರಿ ಒಂದು ಕಿಲೋಮೀಟರಿನ ಒಳಗಿದ್ದರೆ ಸೀಟು, ಇಲ್ಲವಾದರೆ ಇಲ್ಲ. ಹಳಿಯಾಚೆಯಿಂದ ಮೆಟ್ಟಿಲು ಸೇತುವೆ ದಾಟಿ ಇಳಿದರೆ ಎದುರಿಗೇ ಶಾಲೆಯ ಹಿಂಗೋಡೆ. ಗೋಡೆಗೆ ಬಾಗಿಲಿಲ್ಲ. ನಮ್ಮ ಬೀದಿಯ ಮನೆಗಳು ಗೋಡೆಗೆ ಗೋಡೆ ಅಂಟಿಸಿಕೊಂಡು ನಿಂತಿರುವುದರಿಂದ ನಡುವೆ ಬೆಕ್ಕು ತೂರುವಷ್ಟು ಸಂದಿಯೂ ಇಲ್ಲ. ಆ ಮಕ್ಕಳು ಹಿಂದಿನ ಕಾಲುದಾರಿ ಹಿಡಿದು ಗೋಡೌನು ಸುತ್ತಿ ಮುಂದಿನ ಗೇಟಿಗೆ ಬರಬೇಕು. ಆ ಸುತ್ತಿನಿಂದಲೇ ಅವರು ಕಿಲೋಮೀಟರಿನ ಆಚೆ ಬೀಳುವುದು. ಹಿಂದೊಂದು ಗೇಟು ಇಟ್ಟರೆ ಎಲ್ಲ ಒಳಗೆ ಬರುತ್ತಾರೆ.

ಸಭೆ ಎರಡೂಕಾಲು ಗಂಟೆ ನಡೆಯಿತು. ಬೀದಿ ಸಂಘದ ಅಧ್ಯಕ್ಷರು ನಮ್ಮ ಎದುರು ಮನೆಯ ಹಲ್ಲು ಡಾಕ್ಟರು. ಕಟ್ಟಡದ ಧೂಳಿನಿಂದ ಹಿರಿಯರಿಗೆ ಕೆಮ್ಮು ಬರುತ್ತದೆ ಎಂದರು. ಮಕ್ಕಳ ಗಲಾಟೆಯಿಂದ ಬೀದಿಯ ಶಾಂತಿ ಕೆಡುತ್ತದೆ ಎಂದರು. ಬೆಳಗಿನಿಂದ ಸಂಜೆವರೆಗೆ ಅವರ ಕ್ಲಿನಿಕ್ಕಿನಿಂದ ಕೇಳಿಬರುವುದೇನು, ಕೊಳಲೇ? ಶಾಲೆಯ ಎದುರು ಪುಸ್ತಕ-ಪೆನ್ಸಿಲ್ ಅಂಗಡಿ ಇಟ್ಟಿರುವವನು ಎದ್ದು, "ವ್ಯಾಪಾರಕ್ಕಿಂತ ಶಾಲೆಯ ಮಟ್ಟ ಮುಖ್ಯ ಸಾರ್" ಎಂದ. ಮಟ್ಟ ಎಂಬ ಪದ ಹದಿನಾಲ್ಕು ಸಲ ಬಂತು, ಎಣಿಸಿದ್ದೇನೆ. ಹೆಡ್‌ಮಿಸ್ಸು ಒಂದೇ ಒಂದು ಮಾತು ಕೇಳಿದರು. "ನೀವು, ನಿಮ್ಮ ಮಕ್ಕಳು ಎಲ್ಲ ಇದೇ ಶಾಲೇಲಿ ಓದಿದ್ದಲ್ವಾ?" ಎಲ್ಲರೂ ತಲೆ ಎತ್ತಿ ಫ್ಯಾನು ನೋಡಿದರು.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎನ್ನುವ ಜನ. ನನಗೆ ಹೇಸಿಗೆ ಹುಟ್ಟಿತು. ಎದ್ದು ನಿಂತು ಗೇಟು ಇಡಲೇಬೇಕು ಎಂದು ಹೇಳಿ ಬಂದೆ. ಮೂವತ್ತು ವರ್ಷ ಊರಿನ ಜಾಗ ಅಳೆದವನ ಮಾತಿಗೆ ಇನ್ನೂ ಸ್ವಲ್ಪ ಬೆಲೆ ಇದೆ.

ನಿನ್ನ ಅತ್ತೆಯವರ ವಿಷಯ ತಿಳಿದು ಬೇಸರವಾಯಿತು.

ಅಪ್ಪ


ಫೆಬ್ರವರಿ ೨೧

ಮಗಳಿಗೆ,

ನಿನ್ನ ಉತ್ತರ ಬಂದಿಲ್ಲ. ಕೇಳಿದ್ದು ಹೌದು-ಇಲ್ಲ, ಅದು ಸಿಕ್ಕಿತು, ಇನ್ನೇನು ಬರೆಯುವುದು ಎಂದುಕೊಂಡಿರಬೇಕು. ಇರಲಿ.

ಹೆಡ್‌ಮಿಸ್ಸು ದಾರಿ ಅಳೆದುಕೊಡಿ ಎಂದು ಕೇಳಿಕೊಂಡರು. ಟೇಪು ತೆಗೆದು ಎಣ್ಣೆ ಬಟ್ಟೆಯಿಂದ ಒರೆಸಿದೆ. ನನ್ನ ಪದ್ಧತಿ ನಿನಗೆ ಗೊತ್ತು, ಬಯಲಿನಲ್ಲಿ ಕಂಡದ್ದು ಪೆನ್ಸಿಲ್ಲಿನಲ್ಲಿ, ಕಚೇರಿಗೆ ಕೊಡುವುದು ಶಾಯಿಯಲ್ಲಿ. ಸೇತುವೆಯ ಈಚೆ ಬುಡದಿಂದ ಶಾಲೆಯ ಹಿಂಗೋಡೆಗೆ ಇಪ್ಪತ್ತು ಮೀಟರು. ಅದೇ ಬುಡದಿಂದ ಗೋಡೌನು ಸುತ್ತಿ ಮುಂದಿನ ಗೇಟಿಗೆ ಒಂಬೈನೂರ ಎಂಬತ್ತು. ಇಪ್ಪತ್ತೆಲ್ಲಿ, ಒಂಬೈನೂರ ಎಂಬತ್ತೆಲ್ಲಿ! ಸೇತುವೆಯ ಆಚೆಯದನ್ನು ಅಳೆಯಲಿಲ್ಲ, ಹಳೆಯ ನಕ್ಷೆಯಿಂದ ತೆಗೆದುಕೊಂಡೆ. ಮಂಡಿ ನೋವು, ಮೆಟ್ಟಿಲು ಹತ್ತಲಾಗುವುದಿಲ್ಲ.

ಇನ್ನೊಂದು ಅಸಹ್ಯದ ಸಂಗತಿ ಹೇಳಬೇಕು. ಕಳೆದ ವಾರ ದವಡೆ ಹಲ್ಲು ನೋವೆಂದು ಎದುರು ಮನೆಗೇ ಹೋಗಬೇಕಾಯಿತು. ಡಾಕ್ಟರು ಕುರ್ಚಿಯಲ್ಲಿ ಮಲಗಿಸಿ, ಬಾಯಿ ಅಗಲಿಸಿ, ಎರಡೂ ಕೆನ್ನೆಗೆ ಹತ್ತಿ ತುರುಕಿ, ಆಮೇಲೆ ಮಾತು ಶುರು ಮಾಡಿದರು.

"ಸಾರ್, ಅವತ್ತು ನೀವು ಯಾಕೆ ಅಷ್ಟು ಬಿಸಿ ಆದ್ರಿ? ರೂಮು ನಾಲ್ಕಲ್ಲ, ಎಂಟು ಕಟ್ಲಿ, ನಮ್ಮ ಮಕ್ಕಳೇ ಆರಾಮಾಗಿ ಕೂರ್ತಾರೆ. ಆ ಹಿಂದಿನ ಗೇಟು ಒಂದು ಬೇಡ ಅಷ್ಟೆ. ಧೂಳು ಗೀಳು ಎಲ್ಲ ಮೀಟಿಂಗಲ್ಲಿ ಹೇಳೋಕೆ. ನಿಜ ಏನು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಆಚೆ ಮಕ್ಕಳು ಬಂದು ನಮ್ಮ ಮಕ್ಕಳ ಪಕ್ಕ ಕೂತ್ರೆ, ನಾಳೆ ಅವರ ಭಾಷೆ ಇವರ ಬಾಯಿಗೆ ಬರುತ್ತೆ, ಅವರ ತಲೆ ಹೇನು ಇವರ ತಲೆಗೆ ಬರುತ್ತೆ. ಸ್ವಲ್ಪ ಅಗಲ ತೆಗೀರಿ ಬಾಯಿ."

ನಾನು ಅಗಲ ತೆಗೆದೆ. ಬಾಯಲ್ಲಿ ಹತ್ತಿ, ನಾಲಿಗೆಯ ಮೇಲೆ ಅವರ ಕನ್ನಡಿ, ಗಂಟಲಲ್ಲಿ ರಕ್ತದ ರುಚಿ. ಆ ಮನುಷ್ಯ ಕೈಗವಸಿನ ಬೆರಳಿನಿಂದ ನನ್ನ ಒಸಡನ್ನು ಒತ್ತುತ್ತಾ ಹೇನಿನ ಮಾತಾಡುತ್ತಿದ್ದರೆ ನನಗೆ ವಾಕರಿಕೆ ಬಂತು. ಅದು ಬೆರಳಿಗೆ ಬಂದದ್ದೋ ಮಾತಿಗೆ ಬಂದದ್ದೋ ಗೊತ್ತಿಲ್ಲ. ಮನೆಗೆ ಬಂದು ಮೂರು ಸಲ ಬಾಯಿ ಮುಕ್ಕಳಿಸಿದೆ.

ನಿನ್ನಮ್ಮ ನೀನು ಬರುವ ಸುದ್ದಿಯನ್ನು ಬೀದಿಗೆಲ್ಲ ಸಾರಿದ್ದಾಳೆ. ನಾನು ಬೇಡ ಎಂದಿರಲಿಲ್ಲ, ಹೂಂ ಎಂದೂ ಇರಲಿಲ್ಲ.

ಅಪ್ಪ


ಮಾರ್ಚ್ ೨

ಅಪ್ಪನಿಗೆ,

ಎರಡು ಕಾಗದವೂ ಬಂದವು. ಆಸ್ಪತ್ರೆಯಲ್ಲಿ ಕೆಲಸ ಹೆಚ್ಚಿತ್ತು. ಚೂಟಿಗೆ ಮುಂದಿನ ಎರಡು ಹಲ್ಲು ಬಿದ್ದಿವೆ. ನಿಮ್ಮ ಹಲ್ಲಿನ ಕಥೆ ಹೇಳಿದೆ, ತುಂಬಾ ನಕ್ಕಳು. ನೀವು ಯಾರು ಎಂದು ಅವಳಿಗೆ ಇನ್ನೂ ಹೇಳಿಲ್ಲ. ಹಲ್ಲು ನೋವಿನ ಒಬ್ಬ ತಾತ ಎಂದಷ್ಟೇ ಗೊತ್ತು.

ಒಂದು ವಿಷಯ ನೀವು ಬರೆಯಲಿಲ್ಲ. ಹತ್ತಿ ತೆಗೆದ ಮೇಲೆ ಡಾಕ್ಟರಿಗೆ ಏನು ಹೇಳಿದಿರಿ?

ನಿಮ್ಮ ಮಗಳು


ಮಾರ್ಚ್ ೨೩

ಮಗಳಿಗೆ,

ಚೂಟಿಯ ಸೀಟು ಆಯಿತು. ಮೊದಲು ಅದನ್ನು ಓದು, ಉಳಿದದ್ದನ್ನು ನಿಧಾನವಾಗಿ ಓದು.

ಹೋದ ಭಾನುವಾರ ಡಾಕ್ಟರೂ ಪೆನ್ಸಿಲ್ ಅಂಗಡಿಯವನೂ ಮನೆಗೆ ಬಂದರು. ಬಾಯಲ್ಲಿ ಬೆಣ್ಣೆ, ಬಗಲಲ್ಲಿ ದೊಣ್ಣೆ. ಡಾಕ್ಟರು ಸೀಟು ಹಂಚುವ ಸಮಿತಿಯಲ್ಲಿಯೂ ಇದ್ದಾರೆ. "ಮೊಮ್ಮಗಳು ಬರ್ತಿದಾಳಂತೆ, ನಮ್ಮ ಬೀದಿ ಮಗು ಅಲ್ವಾ ಸಾರ್, ನಿಮ್ಮ ಮನೆ ವಿಳಾಸ ಹಾಕಿ ಒಂದು ಅರ್ಜಿ ಕೊಡಿ, ಮಿಕ್ಕಿದ್ದು ನನಗೆ ಬಿಡಿ" ಎಂದರು. ಆಮೇಲೆ ಒಂದು ಟೈಪು ಮಾಡಿದ ಹಾಳೆ ಮುಂದಿಟ್ಟರು. ಶಾಲೆಯ ಹಿಂದಿನ ಕಾಲುದಾರಿ ರೈಲು ಹಳಿಗೆ ತೀರಾ ಹತ್ತಿರ, ಅಲ್ಲಿ ಗೇಟು ಇಡುವುದು ಮಕ್ಕಳಿಗೆ ಸುರಕ್ಷಿತವಲ್ಲ, ಮುಂದಿನ ಗೇಟೊಂದೇ ಸಾಕು ಎಂದು ಮೂವತ್ತು ವರ್ಷ ಅನುಭವವಿರುವ ಅಳತೆಯವನಾಗಿ ನಾನು ಹೇಳುತ್ತಿದ್ದೇನೆ ಎಂದು ಅದರಲ್ಲಿತ್ತು.

ಸಹಿ ಹಾಕಿದೆ.

ನೀನು ಮುಖ ಸಿಂಡರಿಸುವುದು ನನಗೆ ಇಲ್ಲಿಂದಲೇ ಕಾಣುತ್ತದೆ. ನನಗೂ ಅಸಹ್ಯವೇ ಆಯಿತು. ಆದರೆ ಯೋಚನೆ ಮಾಡು. ಗೇಟಿಗಾಗಿ ನಾನು ಬಡಿದಾಡಿದರೆ ಅದು ಬರುತ್ತದೋ ಇಲ್ಲವೋ, ಬರುವ ಹೊತ್ತಿಗೆ ಚೂಟಿಗೆ ಮೀಸೆ ಬರದಿದ್ದರೂ ಮದುವೆ ವಯಸ್ಸಂತೂ ಬರುತ್ತದೆ. ಊರಿನ ಮಕ್ಕಳನ್ನೆಲ್ಲ ಉದ್ಧಾರ ಮಾಡಲು ನಾನು ಯಾರು? ನನ್ನ ಕೈಗೆ ಎಟುಕುವುದು ಒಂದು ಮಗು. ಅದನ್ನು ದಡ ಹತ್ತಿಸಿದ್ದೇನೆ. ಹಿಂದೆಯೂ ಒಂದನ್ನು ಹತ್ತಿಸಿದ್ದೆ. ಅದು ತಾನಾಗಿ ವಾಪಸು ನೀರಿಗೆ ಹಾರಿತು, ಆ ಮಾತು ಈಗ ಬೇಡ.

ಅರ್ಜಿ ಈ ಲಕೋಟೆಯಲ್ಲೇ ಇದೆ. ವಿಳಾಸ ತುಂಬಿದ್ದೇನೆ, ನೀನು ಸಹಿ ಮಾಡಿ ಕಳಿಸು. ಮಗುವಿಗೆ ಒಂದು ಮಾತು ಕಲಿಸಿಡು, ಯಾರಾದರೂ ಮನೆ ಎಲ್ಲಿ ಎಂದು ಕೇಳಿದರೆ ತಾತನ ಮನೆ ಎಂದೇ ಹೇಳಬೇಕು. ಸಣ್ಣ ಮಗು, ಬೇಗ ಕಲಿಯುತ್ತದೆ.

ನೀನು ಕೇಳಿದ್ದೆಯಲ್ಲ, ಹತ್ತಿ ತೆಗೆದ ಮೇಲೆ ಏನು ಹೇಳಿದಿರಿ ಎಂದು. ಥ್ಯಾಂಕ್ಸ್ ಎಂದೆ. ಹಲ್ಲು ಚೆನ್ನಾಗಿಯೇ ಕಿತ್ತಿದ್ದರು.

ಅಪ್ಪ


ಏಪ್ರಿಲ್ ೩

ಅಪ್ಪನಿಗೆ,

ಹದಿಮೂರು ವರ್ಷದಿಂದ ನಾನು ಆಸ್ಪತ್ರೆಯಲ್ಲಿ ಕೀವು ಒರೆಸಿದ್ದೇನೆ, ವಾಂತಿ ಬಳಿದಿದ್ದೇನೆ, ಹುಳ ಬಿದ್ದ ಗಾಯಕ್ಕೆ ಪಟ್ಟಿ ಕಟ್ಟಿದ್ದೇನೆ. ಒಂದು ದಿನವೂ ಹೇಸಿಗೆ ಅನ್ನಿಸಿಲ್ಲ. ನಿಮ್ಮ ಕಾಗದ ಓದಿ ಎದ್ದು ಹೋಗಿ ಸೋಪು ಹಚ್ಚಿ ಕೈ ತೊಳೆದುಕೊಂಡೆ.

ಅರ್ಜಿಯನ್ನು ವಾಪಸು ಕಳಿಸಿದ್ದೇನೆ. ಸಹಿ ಹಾಕಿಲ್ಲ.

ಒಂದು ಕಥೆ ಹೇಳುತ್ತೇನೆ, ನಿಮಗೆ ಗೊತ್ತಿರುವ ಕಥೆಯೇ. ನಾವು ಆಗ ಹಳಿಯಾಚೆ ಇದ್ದೆವು. ಈಗ ನನ್ನ ಅತ್ತೆ ಇರುವ ಸಾಲಿನಲ್ಲೇ, ನಾಲ್ಕು ಮನೆ ಈಚೆ. ನನಗೆ ಆರು ವರ್ಷ. ಒಂದು ಬೆಳಿಗ್ಗೆ ನೀವು ನನ್ನನ್ನು ಕರೆದುಕೊಂಡು ಅಳತೆಗೆ ಹೊರಟಿರಿ. ಕಚೇರಿಯಲ್ಲಿ ಟೇಪು ಹಿಡಿಯಲು ಆಳಿದ್ದ, ಅವನನ್ನು ಕರೆಯಲಿಲ್ಲ. ನನಗೆ ಎಷ್ಟು ಹೆಮ್ಮೆ ಅಂತೀರಿ, ಅಪ್ಪನ ಕೆಲಸಕ್ಕೆ ನಾನು! ಹಿತ್ತಾಳೆ ಉಂಗುರ ಇರುವ ಸೊನ್ನೆ ತುದಿಯನ್ನು ಕೈಗೆ ಕೊಟ್ಟು "ಗಟ್ಟಿ ಹಿಡ್ಕೊ, ಬಿಡು ಅನ್ನೋವರೆಗೂ ಬಿಡಬೇಡ" ಎಂದಿರಿ. ನಾನು ನಮ್ಮ ಮನೆಯ ಹೊಸ್ತಿಲಿಗೆ ಉಂಗುರ ಒತ್ತಿ ಕೂತೆ. ನೀವು ನಕ್ಕು, ನನ್ನ ಕೈ ಹಿಡಿದು ಎಬ್ಬಿಸಿ, ಸೇತುವೆ ಹತ್ತಿಸಿ ಇಳಿಸಿ, ಈಚೆ ಬುಡದಲ್ಲಿ ಕೂರಿಸಿದಿರಿ. "ಇಲ್ಲಿ ಹಿಡಿ" ಎಂದಿರಿ. "ಮನೆ ಅಲ್ಲಿದೆಯಲ್ಲಪ್ಪ" ಎಂದೆ. "ಇವತ್ತು ಇಲ್ಲಿದೆ" ಎಂದಿರಿ. ಮೂವತ್ತು ಮೀಟರಿನ ಟೇಪಿಗೆ ಮೂವತ್ತೆರಡು ಸಲ ಎದ್ದು ಕೂತೆ, ಕೊನೆಗೆ ಇಪ್ಪತ್ತು ಮೀಟರು. ಒಂಬೈನೂರ ಎಂಬತ್ತು. ನೀವು ಫೆಬ್ರವರಿಯಲ್ಲಿ ಅದೇ ಲೆಕ್ಕ ಬರೆದಾಗ ನನ್ನ ಮಂಡಿ ಚುರುಗುಟ್ಟಿತು.

ಆಳನ್ನು ಯಾಕೆ ಕರೆಯಲಿಲ್ಲ ಎಂದು ತಿಳಿಯಲು ನನಗೆ ಹತ್ತು ವರ್ಷ ಬೇಕಾಯಿತು.

ಆಮೇಲಿನದು ನಿಮಗೆ ಗೊತ್ತಿಲ್ಲದ ಕಥೆ. ಮನೆ ಎಲ್ಲಿ ಎಂದು ಕೇಳಿದರೆ ಗೋಡೌನು ಪಕ್ಕ ಎಂದು ಹೇಳಲು ಕಲಿಸಿದಿರಿ. ನಾನು ಬೇಗ ಕಲಿತೆ. ಎರಡನೇ ತರಗತಿಯಲ್ಲಿ ನನ್ನ ಬೆಂಚಿನ ಗೆಳತಿ ಒಂದು ಸಂಜೆ ನಿನ್ನ ಮನೆವರೆಗೂ ಬರುತ್ತೇನೆ ಎಂದಳು. ಬೇಡ ಎನ್ನಲಾಗಲಿಲ್ಲ. ಗೋಡೌನಿನ ಪಕ್ಕ ಯಾರದೋ ನೀಲಿ ಗೇಟಿನ ಮುಂದೆ ನಿಂತು "ಇದೇ" ಎಂದೆ. ಅವಳು ಹೋಗುವುದಿಲ್ಲ, ಒಳಗೆ ಹೋಗಿ ಕೈ ಬೀಸು ಎನ್ನುತ್ತಾಳೆ. ಗೇಟು ತೆಗೆದು ಒಳಗೆ ಹೋದೆ. ಆ ಮನೆಯಾಕೆ ಹೊರಗೆ ಬಂದು "ಯಾರೇ ನೀನು?" ಎಂದರು. ನನಗೆ ಏನು ಹೇಳಬೇಕೆಂದು ಗೊತ್ತಾಗಲಿಲ್ಲ, ನಿಂತಲ್ಲೇ ಉಚ್ಚೆ ಹೊಯ್ದುಕೊಂಡೆ. ಗೆಳತಿ ನೋಡಿದಳು. ಮೂರು ವರ್ಷ, ನೀವು ಶಾಲೆಯ ಬೀದಿಯಲ್ಲಿ ಮನೆ ಕೊಳ್ಳುವವರೆಗೆ, ನಾನು ಯಾರನ್ನೂ ಮನೆಗೆ ಕರೆಯಲಿಲ್ಲ.

ನಾನು ಹಳಿಯಾಚೆಯ ಹುಡುಗನನ್ನು ಮದುವೆಯಾದದ್ದು ನಿಮ್ಮ ಮೇಲಿನ ಹಟಕ್ಕಲ್ಲ. ಅವರ ಮನೆಯಲ್ಲಿ ನನಗೆ ಸುಳ್ಳು ವಿಳಾಸ ಬೇಕಿರಲಿಲ್ಲ. ನೀವು ಮದುವೆಗೆ ಬರಲಿಲ್ಲ. ಮಂಡಿ ನೋವು ಎಂದು ಆಗಲೂ ಅಮ್ಮನ ಬಾಯಲ್ಲಿ ಹೇಳಿಸಿದಿರಿ.

ಡಾಕ್ಟರ ಬಗ್ಗೆ ಪುಟಗಟ್ಟಲೆ ಬರೆದಿರಲ್ಲ, ಅವರಾದರೂ ಬಾಯಿ ಬಿಟ್ಟು ಹೇಳಿದರು. ಹತ್ತಿದ ಏಣಿಯನ್ನು ಒದೆಯುವವರು ಅವರೊಬ್ಬರೇ ಅಲ್ಲ. ಚೂಟಿ ಹಳಿಯಾಚೆಯ ಶಾಲೆಗೇ ಹೋಗುತ್ತಾಳೆ, ಟೀಚರು ಬಂದ ದಿನ ಕಲಿಯುತ್ತಾಳೆ. ನನ್ನ ಮಗಳ ಕೈಗೆ ಆ ಸೊನ್ನೆ ತುದಿ ಕೊಡಬೇಡಿ.

ಮಗಳು


ಏಪ್ರಿಲ್ ೨೫

ಪುಟ್ಟೀ,

ಅಮ್ಮ ಬರೀತಿರೋದು. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ ಅಂತ ನಗಬೇಡ. ಫೋನಲ್ಲಿ ಹೇಳೋಕೆ ಇವರು ಪಕ್ಕದಲ್ಲೇ ಇರ್ತಾರೆ.

ನೀನು ಏನು ಬರೆದೆಯೋ ನನಗೆ ಗೊತ್ತಿಲ್ಲ, ತೋರಿಸಲಿಲ್ಲ. ಕಾಗದ ಬಂದ ದಿನದಿಂದ ಮನುಷ್ಯ ಮಾತಾಡ್ತಿಲ್ಲ. ಊಟ ಹಾಕಿದ್ರೆ ಅರ್ಧ ಬಿಟ್ಟು ಏಳ್ತಾರೆ. ಕೇಳಿದ್ರೆ "ನನ್ನ ಕಂಡ್ರೆ ನನಗೇ ಅಸಹ್ಯ" ಅಂತಾರೆ. ಅಟ್ಟದಿಂದ ತಗಡಿನ ಪೆಟ್ಟಿಗೆ ಇಳಿಸಿ ಹಳೇ ಅಳತೆ ಪುಸ್ತಕ ಎಲ್ಲ ನಡುಮನೇಲಿ ಹರಡಿದಾರೆ. ಒಂದೊಂದೇ ಹಾಳೆ ತಿರುವಿ ಬೆರಳಿಟ್ಟು ಓದೋದು, ಬಿಳೀ ಚೀಟಿ ಇಡೋದು. ನನಗೆ ಕಾಲಿಡೋಕೂ ಜಾಗ ಇಲ್ಲ.

ನಿನ್ನೆ ಬೆಳಿಗ್ಗೆ ಟೇಪು ಹೆಗಲಿಗೆ ಹಾಕ್ಕೊಂಡು ಹಿಂಬಾಗಿಲಿಂದ ಹೋದರು. ನಾನು ಬಟ್ಟೆ ಒಣ ಹಾಕ್ತಾ ನೋಡಿದೆ. ಸೇತುವೆ ಹತ್ತಿದರು ಕಣೇ. ಅರ್ಧಕ್ಕೆ ನಿಂತು ಕಂಬಿ ಹಿಡ್ಕೊಂಡ್ರು, ವಾಪಸ್ ಬರ್ತಾರೇನೋ ಅಂದುಕೊಂಡೆ. ಬರಲಿಲ್ಲ. ಆಚೆ ಇಳಿದರು. ಮಂಡಿಗೆ ಏನೂ ಆಗಿಲ್ಲ.

ನೀನು ಸಿಟ್ಟು ಬಿಡು ಅಂತ ನಾನು ಹೇಳಲ್ಲ. ನಿನಗೆ ಸುಳ್ಳು ಹೇಳು ಅಂತ ಕಲಿಸುವಾಗ ನಾನೂ ಅಲ್ಲೇ ನಿಂತಿದ್ದೆ, ತಲೆ ಬಾಚ್ತಾ ಇದ್ದೆ. ಅದನ್ನ ಬರೆಯೋಕೇ ಕೂತೆ.

ಅಮ್ಮ


ಮೇ ೨೬

ಮಗಳಿಗೆ,

ನೀವು ಗಂಟುಮೂಟೆ ಕಟ್ಟುವ ಗಡಿಬಿಡಿಯಲ್ಲಿರುತ್ತೀರಿ. ಆದರೂ ಬರೆಯುತ್ತೇನೆ, ಎದುರಿಗೆ ಬಂದರೆ ಇಷ್ಟು ಹೇಳಲು ನನ್ನಿಂದಾಗುವುದಿಲ್ಲ.

ಏಪ್ರಿಲ್ ಕೊನೆಯ ಭಾನುವಾರ ಕೊನೆಯ ಸಭೆ. ನಾನು ಕೊಟ್ಟಿದ್ದ ಹಾಳೆಯನ್ನು ಡಾಕ್ಟರು ಓದಿ ಮುಗಿಸುತ್ತಿದ್ದಂತೆ ಎದ್ದು ನಿಂತು, ಅದು ಸುಳ್ಳು, ಸಹಿಯನ್ನು ವಾಪಸು ತೆಗೆದುಕೊಂಡಿದ್ದೇನೆ ಎಂದೆ. ಚೀಲದಿಂದ ಅಳತೆ ಪುಸ್ತಕ ತೆಗೆದೆ. "ಈ ಶಾಲೆಯ ಸೀಟಿಗಾಗಿ ಹನ್ನೊಂದು ಮನೆಗಳ ಅಳತೆಯನ್ನು ನಾನು ಸುಳ್ಳು ಬರೆದಿದ್ದೇನೆ. ನಿಜವಾದದ್ದು ಇದರಲ್ಲಿ ಪೆನ್ಸಿಲ್ಲಿನಲ್ಲಿದೆ" ಎಂದೆ. ಇನ್ನೂ ಒಂದು ಹೆಸರೂ ಓದಿರಲಿಲ್ಲ, ಪೆನ್ಸಿಲ್ ಅಂಗಡಿಯವನು ಎದ್ದು "ನಮ್ಮಪ್ಪಂದು ಅದರಲ್ಲಿಲ್ಲ ತಾನೇ ಸಾರ್?" ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದನ್ನು ಕಣ್ಣಾರೆ ಕಂಡೆ.

ಮೊದಲು ನನ್ನದನ್ನೇ ಓದಿದೆ. ಮಗಳ ಸೀಟು, ಪೆನ್ಸಿಲ್ಲಿನಲ್ಲಿ ಸಾವಿರದ ಐನೂರ ಎಂಬತ್ತು, ಶಾಯಿಯಲ್ಲಿ ಒಂಬೈನೂರ ಎಂಬತ್ತು. ಆಮೇಲೆ ಉಳಿದ ಹತ್ತು. ಡಾಕ್ಟರದು ಪೆನ್ಸಿಲ್ಲಿನಲ್ಲಿ ಎರಡು ಸಾವಿರದ ನಾನೂರು, ಅವರಪ್ಪ ಸೋದರಮಾವನ ವಿಳಾಸ ಕೊಟ್ಟಿದ್ದರು. ಯಾರ ಹತ್ತಿರವೂ ನಾನು ಕೈ ಒಡ್ಡಿದವನಲ್ಲ. ನಿನಗಾಗಿ ಒಂದು ಸಲ ಟೇಪು ಮೊಟಕು ಮಾಡಿದ್ದು ಅವರಿಗೆ ಹೇಗೋ ಗೊತ್ತಾಯಿತು. "ನಿಮ್ಮ ಮಗಳಿಗೆ ಆಗುತ್ತೆ, ನಮ್ಮ ಮಗನಿಗೆ ಆಗಲ್ವಾ" ಎಂದು ಒಬ್ಬೊಬ್ಬರೇ ಬಂದು ಕೇಳಿದಾಗ ಇಲ್ಲ ಎನ್ನುವ ಬಾಯಿ ನನಗೆ ಉಳಿದಿರಲಿಲ್ಲ. ಇಷ್ಟನ್ನೂ ಹೇಳಿದೆ. ಈ ಸಲ ಬಾಯಲ್ಲಿ ಹತ್ತಿ ಇರಲಿಲ್ಲ.

ಜನ ನಾಚಿಕೊಂಡರು, ಗೇಟು ಬಂತು ಎಂದು ಬರೆಯಲು ನನಗೂ ಆಸೆ. ಡಾಕ್ಟರು ನಗುತ್ತಾ "ವಯಸ್ಸಾಯ್ತು, ಪಾಪ, ಮರೆವು" ಎಂದರು. ಎಲ್ಲರಿಗೂ ಅದೇ ಬೇಕಿತ್ತು. ಕೈ ಎತ್ತಿಸಿದರು. ಕೋಣೆ ಬೇಕು ಎಂದು ಎಲ್ಲ ಕೈಯೂ ಎದ್ದವು. ಗೇಟು ಬೇಕು ಎಂದು ಒಂಬತ್ತು, ಬೇಡ ಎಂದು ಐವತ್ತೆರಡು. ನಾನು ಸುಳ್ಳು ಬರೆದು ಒಳಗೆ ಸೇರಿಸಿದವರ ಕೈಗಳು ಎಲ್ಲಕ್ಕಿಂತ ಎತ್ತರದಲ್ಲಿದ್ದವು. ಥೂ ಎಂದು ಉಗಿಯಲು ಬಾಯಿ ತೆರೆದೆ. ಅದರಲ್ಲಿ ನನ್ನ ಪಾಲೂ ಇದೆ ಎಂದು ನೆನಪಾಗಿ ನುಂಗಿಕೊಂಡು ಮನೆಗೆ ಬಂದೆ.

ಬಂದು ಮುಂಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತೆ. ನಡುಮನೆ, ಅಡುಗೆಮನೆ, ಹಿತ್ತಿಲು, ಹಿಂಬಾಗಿಲು, ಎಲ್ಲ ಒಂದೇ ನೇರಕ್ಕೆ ಕಾಣುತ್ತದೆ. ಹಿಂಬಾಗಿಲಿನ ಆಚೆ ಕಾಲುದಾರಿ, ಅದರ ತುದಿಗೆ ಸೇತುವೆ. ಇಪ್ಪತ್ತೇಳು ವರ್ಷ ಈ ಮನೆಯಲ್ಲಿದ್ದೇನೆ, ಊರಿನ ಜಾಗವನ್ನೆಲ್ಲ ಅಳೆದವನಿಗೆ ಇದು ಕಂಡಿರಲಿಲ್ಲ.

ನಮ್ಮ ಮನೆಯ ನಡುವೆ ನಾಲ್ಕಡಿ ಅಗಲದ ದಾರಿಯನ್ನು ಹಿಂಬಾಗಿಲಿನಿಂದ ಮುಂಬಾಗಿಲಿನವರೆಗೆ ಊರಿಗೆ ಬರೆದುಕೊಟ್ಟಿದ್ದೇನೆ. ನಾನು ಮೂವತ್ತು ವರ್ಷ ದುಡಿದ ಕಚೇರಿಯೇ, ಆದರೂ ಮೂರು ವಾರ ಅಲೆಸಿದರು. ಡಾಕ್ಟರು ಅಲ್ಲಿಗೂ ಬಂದು, ಮನೆ ಹೇಗೆ ದಾರಿಯಾಗುತ್ತದೆ ಎಂದು ಜಗಳ ತೆಗೆದರು. ಗುಮಾಸ್ತ ನಿಯಮದ ಪುಸ್ತಕ ತೆಗೆದು ಎರಡು ಸಲ ಓದಿದ. ಸಾರ್ವಜನಿಕರು ನಡೆಯುವ ದಾರಿಯಾಗಿರಬೇಕು ಎಂದಷ್ಟೇ ಇದೆ, ಮೇಲೆ ಮಾಳಿಗೆ ಇರಬಾರದು ಎಂದಿಲ್ಲ. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಎಂದು ಹೇಳಿ ಮೊಹರು ಒತ್ತಿದ.

ಹಲಗೆಯ ಗೋಡೆ ಎದ್ದಿದೆ. ನಡುಮನೆ ಎರಡು ಹೋಳಾಗಿದೆ. ನಿನ್ನಮ್ಮನ ಒಲೆ ಆ ಕಡೆ, ಪಾತ್ರೆ ಈ ಕಡೆ, ದಾರಿ ದಾಟಿ ಅಡುಗೆ ಮಾಡುತ್ತಾಳೆ. "ಇಷ್ಟು ವರ್ಷ ಈ ಮನೆಗೆ ಒಬ್ಬ ನೆಂಟ ಬರ್ತಿರಲಿಲ್ಲ, ಈಗ ದಿನಾ ಮೆರವಣಿಗೆ" ಎನ್ನುತ್ತಾಳೆ. ಬೈಗುಳವೋ ಸಂತೋಷವೋ ಗೊತ್ತಾಗುವುದಿಲ್ಲ. ಬೀದಿಯವರು ನಮ್ಮೊಡನೆ ಮಾತು ಬಿಟ್ಟಿದ್ದಾರೆ. ಪೆನ್ಸಿಲ್ ಅಂಗಡಿಯವನು ಮುಖ ಕಂಡರೆ ಬಾಗಿಲು ಎಳೆದುಕೊಳ್ಳುತ್ತಾನೆ. ಇನ್ನೊಂದು ಹಲ್ಲು ನೋಯುತ್ತಿದೆ, ಎಲ್ಲಿಗೆ ಹೋಗುವುದೋ ನೋಡಬೇಕು.

ಅಳತೆಯ ವಿಷಯ ಉಳಿಯಿತು. ನಿನ್ನಮ್ಮ ಬರೆದಿದ್ದಾಳೆಂದು ಗೊತ್ತು, ಸೇತುವೆ ಹತ್ತಿದ್ದೆ. ಅವತ್ತು ಬರೀ ನೋಡಿ, ಯಾರನ್ನೂ ಮಾತಾಡಿಸದೆ ಬಂದೆ. ಮೊನ್ನೆ ಕಚೇರಿಗೆ ಕೊಡಲು ಸರಿಯಾಗಿ ಅಳೆಯಬೇಕಿತ್ತು. ಸೊನ್ನೆ ತುದಿ ಹಿಡಿಯುವವರು ಬೇಕು. ನಿನ್ನ ಅತ್ತೆಯವರು ಹೊಸ್ತಿಲ ಮೇಲೆ ಕೂತಿದ್ದರು. "ಯಾರಪ್ಪ?" ಎಂದರು. "ಅಳತೆಯವನು" ಎಂದೆ. ಧ್ವನಿ ಬಂದ ಕಡೆ ಮುಖ ತಿರುಗಿಸಿದರು. "ಬೀಗರಾ?" ಎಂದರು. ನನಗೆ ಏನು ಹೇಳಬೇಕೆಂದು ಗೊತ್ತಾಗಲಿಲ್ಲ. ಅವರೇ ಕೈ ಚಾಚಿದರು. ಉಂಗುರ ಕೊಟ್ಟೆ. ಹೊಸ್ತಿಲನ್ನು ಬೆರಳಿನಿಂದ ತಡಕಿ, ಸರಿಯಾಗಿ ಅಂಚಿಗೆ ಒತ್ತಿ ಹಿಡಿದರು. ನಾನು ಟೇಪು ಬಿಚ್ಚುತ್ತಾ ಹೊರಟೆ, ಮೂವತ್ತು ಮೀಟರು ಮುಗಿಯಿತು, ಮೊಳೆ ಹೊಡೆದೆ. ಟೇಪು ಎಳೆದರೆ ಬರುವುದಿಲ್ಲ. ತಿರುಗಿ ನೋಡಿದರೆ ಆಕೆ ಎರಡೂ ಕೈಯಿಂದ ಹಿಡಿದುಕೊಂಡು ಕೂತಿದ್ದಾರೆ. ಬಿಡಿ ಎಂದು ಹೇಳುವುದನ್ನೇ ನಾನು ಮರೆತಿದ್ದೆ.

ಮನೆಯಿಂದ ಸೇತುವೆಯ ಈಚೆ ಬುಡಕ್ಕೆ ಆರುನೂರ ಇಪ್ಪತ್ತು. ಅಲ್ಲಿಂದ ನಮ್ಮ ಹಿಂಬಾಗಿಲಿಗೆ ಮೂವತ್ತು. ಮನೆಯೊಳಗೆ ಇಪ್ಪತ್ತೆರಡು. ಮುಂಬಾಗಿಲಿನಿಂದ ಶಾಲೆಯ ಗೇಟಿಗೆ ಇಪ್ಪತ್ತೆಂಟು. ಒಟ್ಟು ಏಳುನೂರು. ಪೆನ್ಸಿಲ್ಲಿನಲ್ಲಿಯೂ ಏಳುನೂರು, ಶಾಯಿಯಲ್ಲಿಯೂ ಏಳುನೂರು. ಹೆಡ್‌ಮಿಸ್ಸು ಹಳಿಯಾಚೆಯಿಂದ ಹತ್ತೊಂಬತ್ತು ಅರ್ಜಿ ತೆಗೆದುಕೊಂಡಿದ್ದಾರೆ. ಇಪ್ಪತ್ತನೆಯದನ್ನು ನಾನು ತುಂಬಿಲ್ಲ. ವಿಳಾಸ ನೀನೇ ಬರೆಯಬೇಕು.

ಅಂದು ನಿನ್ನನ್ನು ಸೇತುವೆಯ ಬುಡದಲ್ಲಿ ಕೂರಿಸಿದ್ದು ತಪ್ಪು. ನೀಲಿ ಗೇಟಿನ ವಿಷಯ ನನಗೆ ಗೊತ್ತಿರಲಿಲ್ಲ.

ಅಪ್ಪ


ಜೂನ್ ೫

ಅಪ್ಪನಿಗೆ,

ನಾವು ಬಂದು ನಾಲ್ಕು ದಿನವಾಯಿತು. ನಮ್ಮ ಕಿಟಕಿಯಿಂದ ಸೇತುವೆ ಕಾಣುತ್ತದೆ, ಅದರ ಆಚೆ ನಿಮ್ಮ ಹಿಂಬಾಗಿಲೂ ಕಾಣುತ್ತದೆ. ಆರುನೂರ ಐವತ್ತು ಮೀಟರು ದೂರದಿಂದ ಕಾಗದ ಬರೆಯುವುದು ನಗೆಪಾಟಲು, ಆದರೆ ನನಗೆ ಇನ್ನೂ ಬರಲಾಗುತ್ತಿಲ್ಲ. ಹೊಟ್ಟೆಯೊಳಗಿನ ಹೇಸಿಗೆ ಪೂರ್ತಿ ಇಳಿದಿಲ್ಲ. ಇಳಿದಿದೆ ಎಂದು ಬರೆದರೆ ಅದೂ ಶಾಯಿಯ ಲೆಕ್ಕವಾಗುತ್ತದೆ.

ಅರ್ಜಿ ಕೊಟ್ಟಿದ್ದೇನೆ. ವಿಳಾಸ ಇಲ್ಲಿಯದೇ.

ಅತ್ತೆಯವರು ಆ ದಿನದ ಕಥೆಯನ್ನು ಸಾಲಿನ ಎಲ್ಲ ಮನೆಗೂ ಹೇಳಿದ್ದಾರೆ. "ಬೀಗರು ಟೇಪು ಕೊಟ್ಟು ಓಡಿಹೋದ್ರು, ನಾನು ಬಿಡಲೇ ಇಲ್ಲ" ಎಂದು ನಗುತ್ತಾರೆ.

ಈ ಕಾಗದವನ್ನು ಪೋಸ್ಟಿಗೆ ಹಾಕುತ್ತಿಲ್ಲ. ನಾಳೆ ಬೆಳಿಗ್ಗೆ ಎಂಟೂ ಮುಕ್ಕಾಲಿಗೆ ಇನ್ನೂ ಹತ್ತೊಂಬತ್ತು ಮಕ್ಕಳ ಜೊತೆ ನಿಮ್ಮ ಹಿಂಬಾಗಿಲಿನಿಂದ ಒಳಗೆ ಬಂದು ಮುಂಬಾಗಿಲಿನಿಂದ ಹೊರಗೆ ಹೋಗುವವಳ ಕೈಯಲ್ಲಿ ಕೊಟ್ಟಿದ್ದೇನೆ. ಮುಂದಿನ ಎರಡು ಹಲ್ಲಿಲ್ಲ, ಗುರುತು ಸಿಗುತ್ತದೆ. ಮನೆ ಎಲ್ಲಿ ಎಂದು ಯಾರಾದರೂ ಕೇಳಿದರೆ ಏನು ಹೇಳಬೇಕೆಂದು ನಾನು ಏನೂ ಕಲಿಸಿಲ್ಲ. ಅವಳಿಗೆ ಗೊತ್ತು.

ನಿಮ್ಮನ್ನು ಅವಳು ನೋಡಿಲ್ಲ. ಕಾಗದ ಕೊಡುವಾಗ "ನೀವು ಯಾರು?" ಎಂದು ಕೇಳುತ್ತಾಳೆ. ಆಗ ಹೇಳಿ.

ಮಗಳು